ಎರಡು ಕೆಜಿ ಸೂಟು

ಮೊನ್ನೆ ಶಿಕಾರಿಪುರದ ಮಂಡಿ ಎದುರಿನ ಸ್ಟಾಪಿನಲ್ಲಿ ವಯಸ್ಸಾದ ಯಜಮಾನರೊಬ್ಬರು ಮೆಕ್ಕೆಜೋಳದ ಚೀಲ ಹೊತ್ತುಕೊಂಡು ನನ್ನ ಬಸ್ಸು ಹತ್ತಿದರು. ಮಾರಿ ಉಳಿದದ್ದಂತೆ, ಸೊರಬದಲ್ಲಿ ಮಗಳ ಮನೆ ಕೋಳಿಗೆ ಒಯ್ಯುತ್ತಿದ್ದರು. ಕಂಡಕ್ಟರ್ ಆಗಿ ಆರು ವರ್ಷವಾಯಿತು, ಚೀಲ ನೋಡಿದರೆ ತೂಕ ಗೊತ್ತಾಗುತ್ತದೆ. ಮೂವತ್ತು ಕೆಜಿ ಮೇಲಿದೆ, ಲಗೇಜ್ ಟಿಕೆಟ್ ತಗೊಳ್ಳಿ ಅಂದೆ. ಅವರು ಬಿಡಬೇಕಲ್ಲ! ಎರಡು ಕೆಜಿ ಸೂಟು ತೆಗೀರಿ ಮೇಡಮ್ಮ, ಮಂಡಿಯೋರಿಗೆ ನಾವು ಬಿಡಲ್ವಾ, ನಮಗೆ ನೀವು ಬಿಡ್ರಿ ಎಂದು ನಕ್ಕರು. ಇಡೀ ಬಸ್ಸು ನಕ್ಕಿತು. ಬೇರೆ ದಿನವಾಗಿದ್ದರೆ ನಾನೂ ಒಂದು ಮಾತು ಸೇರಿಸಿ ಜೋರಾಗಿ ನಗುತ್ತಿದ್ದೆ. ಅವತ್ತು ಟಿಕೆಟ್ ಕೊಟ್ಟು ಬಾಗಿಲ ಹತ್ತಿರ ಹೋಗಿ ನಿಂತೆ. ಚೀಲದ ಬಾಯಿಂದ ಹಸಿ ಜೋಳ ಕಾವು ಹಿಡಿದ ಹುಳಿ ವಾಸನೆ ಬರುತ್ತಿತ್ತು. ಶಿರಾಳಕೊಪ್ಪ ದಾಟಿದರೂ ಅದು ಮೂಗಿನಿಂದ ಹೋಗಲಿಲ್ಲ.

ಸೂಟು ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೈತ ಮಂಡಿಗೆ ಮಾಲು ತಂದರೆ ಚೀಲದ ತೂಕ, ತೇವ, ಕಸ ಅಂತ ಹೇಳಿ ತೂಕದಲ್ಲಿ ಒಂದಿಷ್ಟು ಕಳೆದು ಬರೆಯುತ್ತಾರೆ. ಆ ಕಳೆಯುವುದೇ ಸೂಟು. ತಾಳಗುಂದದ ನಮ್ಮ ಮನೆಯಲ್ಲಿ ನಾನು ಮಗ್ಗಿ ಕಲಿಯುವ ಮುಂಚೆಯೇ ಸೂಟು ಕಲಿತಿದ್ದೆ. ಅಪ್ಪನ ಜೊತೆ ಮಂಡಿಗೆ ಹೋಗಿ, ತೂಕ ಮಾಡುವವನ ಬಾಯಿ ನೋಡುತ್ತಾ ನಿಲ್ಲುವುದೇ ನನ್ನ ಕೆಲಸ. ಅವನು ತೂಕದ ಕಾಟಾದ ಮೇಲೆ ಕಂಡ ಸಂಖ್ಯೆಯನ್ನು ತುಟಿಯೊಳಗೇ ಅಂದುಕೊಳ್ಳುತ್ತಿದ್ದ. ಎರಡು ಕಡಿಮೆ ಮಾಡಿದ್ದನ್ನು ಜೋರಾಗಿ ಕೂಗುತ್ತಿದ್ದ.

ನಾನು ಸೆಕೆಂಡ್ ಪಿಯುಸಿಯಲ್ಲಿದ್ದ ವರ್ಷದ ಮೆಕ್ಕೆಜೋಳದ ಸುಗ್ಗಿಯ ಮಾತು ಇದು. ಶಿಕಾರಿಪುರದ ಹುಡುಗಿಯರ ಹಾಸ್ಟೆಲಿನಲ್ಲಿದ್ದೆ. ಮಂಡಿಯ ಹಿಂದಿನ ಖಾಲಿ ಜಾಗದಲ್ಲಿ ಬೆಳಿಗ್ಗೆ ಆರಕ್ಕೆ ನಮ್ಮ ಕಬಡ್ಡಿ ಶುರು. ಕಲಿಸುತ್ತಿದ್ದವರು ಖಾದರ್ ಸರ್. ಸರ್ ಅಂದರೆ ಶಾಲೆ ಮೇಷ್ಟರಲ್ಲ. ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದರು, ಗೇಟು ಕಿಟಕಿ ಮಾಡುತ್ತಿದ್ದರು. ಒಂದು ಕಾಲದಲ್ಲಿ ಜಿಲ್ಲೆಗೆ ಆಡಿದವರು. ಕಾಸು ತೆಗೆದುಕೊಳ್ಳದೆ ಕಲಿಸುತ್ತಿದ್ದರು, ಬದಲಿಗೆ ಬಾಯಿಗೆ ಬಂದದ್ದು ಬೈಯುತ್ತಿದ್ದರು. ನನ್ನನ್ನು 'ರೋಡ್ ರೋಲರ್' ಅನ್ನುತ್ತಿದ್ದರು. ರೇಣುಕಾಳನ್ನು 'ಪಾವ್‌ಕಿಲೋ'.

ರೇಣುಕಾ ಚಂದ್ರಗುತ್ತಿಯವಳು, ಹಾಸ್ಟೆಲಿನಲ್ಲಿ ನನ್ನ ರೂಮಿನವಳು. ಓದುತ್ತಿದ್ದದ್ದು ಫಸ್ಟ್ ಪಿಯುಸಿ. ಗುಡ್ಡದ ಬುಡದಲ್ಲಿ ಅವಳ ಅಣ್ಣನ ಹಣ್ಣುಕಾಯಿ ಅಂಗಡಿ. ನಿಂತರೆ ನನ್ನ ಭುಜಕ್ಕೆ ಬರುತ್ತಿದ್ದಳು. ಆ ವರ್ಷದ ಮೊದಲಿಗೆ ನಲವತ್ತಾರು ಕೆಜಿ ಇದ್ದಳು, ಅದರಲ್ಲಿ ಜಡೆಯೇ ಅರ್ಧ ಕೆಜಿ ಇತ್ತು ಎಂದು ನಾವು ಆಡಿಕೊಳ್ಳುತ್ತಿದ್ದೆವು. ಆದರೆ ರೈಡಿಗೆ ಇಳಿದರೆ ಅವಳ ಕಾಲು ನಿಲ್ಲುತ್ತಿರಲಿಲ್ಲ. ಇಬ್ಬರು ಕೈ ಹಿಡಿದು ಸರಪಳಿ ಮಾಡಿ ಅಡ್ಡ ಬಂದರೆ, ಕೈಗಳ ಕೆಳಗೆ ಮುಳುಗಿ ಆಚೆ ಎದ್ದು ನಡುಗೆರೆ ಮುಟ್ಟುತ್ತಿದ್ದಳು. ಆಟದಲ್ಲಿ ಇದಕ್ಕೆ ಡುಬ್ಕಿ ಅನ್ನುತ್ತಾರೆ. ನನ್ನಂಥವರಿಗೆ ಏಳು ಜನ್ಮ ಎತ್ತಿದರೂ ಬರುವುದಿಲ್ಲ.

ಖಾದರ್ ಸರ್‌ಗೆ ಇದು ಕಂಡಿರಲಿಲ್ಲ ಅಂತಲ್ಲ. ಕಂಡಷ್ಟೂ ಅವರಿಗೆ ಸಿಟ್ಟು ಬರುತ್ತಿತ್ತು. ಸಣ್ಣವರಿಗೆ ಊರಾಟ ಇದೆ, ಮೇಲಿನ ಆಟ ಇಲ್ಲ ಅನ್ನುವುದು ಅವರ ಗಟ್ಟಿ ನಂಬಿಕೆ. ಮೇಲೆ ಹೋದಂತೆ ಹಿಡಿಯುವವರ ತೂಕ ಏರುತ್ತದೆ, ಹಿಡಿತಕ್ಕೆ ಸಿಕ್ಕರೆ ಮುಗಿಯಿತು ಅನ್ನುತ್ತಿದ್ದರು. ಅದನ್ನು ತೋರಿಸಿಕೊಡಲು ಅವರು ಮಾಡಿದ ಉಪಾಯ ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ದಿನಾ ಆಟ ಮುಗಿದ ಮೇಲೆ ನಾವು ಏಳು ಜನ ಒಂದು ಕಡೆ, ಅವಳೊಬ್ಬಳು ಒಂದು ಕಡೆ, ಮೂವತ್ತು ರೈಡು. ಪಾಯಿಂಟಿಗಲ್ಲ, ಹಿಡಿಯುವುದಕ್ಕೆ. ಕೆಡವಿದ ಮೇಲೂ ಬಿಡಬೇಡಿ, ಇವಳಿಗೆ ನೆಲ ಗೊತ್ತಾಗಲಿ ಅನ್ನುತ್ತಿದ್ದರು. ನಾನು ತೊಡೆಗೆ ಬಿದ್ದು ಎತ್ತಿ ಒಗೆಯುತ್ತಿದ್ದೆ. ಮೇಲೆ ಕೂರುತ್ತಿದ್ದೆ. ಉಸಿರು ಕಟ್ಟಿ ಅವಳು ನೆಲ ಬಡಿಯುವ ತನಕ ಏಳುತ್ತಿರಲಿಲ್ಲ. ಸುಳ್ಳೇಕೆ, ನನಗೆ ಅದು ಖುಷಿಯ ಕೆಲಸವಾಗಿತ್ತು. ಓಡುವಾಗ ನನ್ನನ್ನು ನೋಡಿ ನಗುವವರು, ಅವಳನ್ನು ಎತ್ತಿದಾಗ ಚಪ್ಪಾಳೆ ತಟ್ಟುತ್ತಿದ್ದರು.

ತಿಂಗಳು ಕಳೆಯುವಷ್ಟರಲ್ಲಿ ಮೂವತ್ತರಲ್ಲಿ ಹತ್ತು ಸಲ ತಪ್ಪಿಸಿಕೊಳ್ಳತೊಡಗಿದಳು. ಆಮೇಲೆ ಹದಿನೈದು. ಒಂದು ದಿನ ನಾನು ತೊಡೆಗೆ ಬಿದ್ದರೆ ಕೈಗೆ ಬರೀ ಗಾಳಿ ಸಿಕ್ಕಿತು. ತಿರುಗಿ ನೋಡಿದರೆ ನಡುಗೆರೆಯ ಆಚೆ ನಿಂತು ಮೊಣಕೈ ಮಣ್ಣು ಒರೆಸಿಕೊಳ್ಳುತ್ತಿದ್ದಳು. ಖಾದರ್ ಸರ್ ಮರುದಿನ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಬೇಯಿಸಿದ ಮೊಟ್ಟೆ ತಂದು ಅವಳ ಮುಂದೆ ಇಟ್ಟರು.

ರಾಜ್ಯ ಶಿಬಿರಕ್ಕೆ ಹೆಸರು ಕಳಿಸುವ ಹೊತ್ತಾಗಿತ್ತು. ನಮ್ಮ ತಂಡದಿಂದ ಒಬ್ಬಳಿಗೆ ಅವಕಾಶ. ಅಲ್ಲಿ ಮೂರು ತಿಂಗಳು ಇಟ್ಟುಕೊಂಡು ಕಲಿಸುತ್ತಾರೆ, ನಿಂತರೆ ಡಿಗ್ರಿ, ಹಾಸ್ಟೆಲು ಎಲ್ಲ ಅವರದೇ. ಸರ್ ಮುಚ್ಚುಮರೆ ಮಾಡದೆ ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿ ಹೇಳಿದರು:

"ಪಾವ್‌ಕಿಲೋ, ನೀನು ಐವತ್ತು ಆದ್ರೆ ನೀನು. ಐವತ್ತಕ್ಕೆ ಒಂದ್ ಗ್ರಾಮ್ ಕಮ್ಮಿ ಆದ್ರೂ ಕಳ್ಸಲ್ಲ. ಅಲ್ಲಿ ನಿಂತು ನಗಿಸ್ಕಂಡ್ ಬರೋದು ಬ್ಯಾಡ. ನೇತ್ರಾ, ಅವ್ಳು ಆಗ್ಲಿಲ್ಲ ಅಂದ್ರೆ ನೀನು. ಆದ್ರೆ ನೀನು ಅರವತ್ತೈದಕ್ಕೆ ಇಳೀಬೇಕು, ಅದು ಅವರ ಲಿಮಿಟ್ಟು."

ಐವತ್ತರ ಲೆಕ್ಕ ಅವರಿಗೆ ಎಲ್ಲಿಂದ ಬಂತು ಎಂದು ಮೊಟ್ಟೆ ಡಬ್ಬಿ ವಾಪಸ್ ಕೊಡಲು ಹೋದಾಗ ಅವರ ಮನೆಯವರು ಹೇಳಿದ್ದರು. ಹದಿನೆಂಟನೇ ವಯಸ್ಸಿನಲ್ಲಿ ಇವರೂ ಆಯ್ಕೆಗೆ ಹೋಗಿದ್ದರಂತೆ. ಸಾಲಿನಲ್ಲಿ ನಿಂತವರನ್ನು ನೋಡುತ್ತಾ ಬಂದ ಒಬ್ಬ ದೊಡ್ಡ ಮನುಷ್ಯ ಇವರ ರಟ್ಟೆ ಹಿಡಿದು ಎತ್ತಿ, ಇದನ್ನ ಯಾರು ಕಳಿಸಿದ್ದು, ಐವತ್ತು ಕೆಜಿಯೂ ಇಲ್ಲ ಎಂದು ಎಲ್ಲರೆದುರು ಹೊರಗೆ ಬಿಟ್ಟನಂತೆ. ಮರಳಿ ಬರುವಾಗ ಬಸ್ಸಿನಲ್ಲಿ ಕೂರದೆ ನಿಂತೇ ಬಂದರಂತೆ. ಇದನ್ನು ಹೇಳುವಾಗ ಆಕೆ ನಗುತ್ತಿದ್ದರು. ನಾನೂ ನಕ್ಕೆ.

ಆ ಸುಗ್ಗಿಯಲ್ಲಿ ನಮ್ಮ ರೂಮಿನದು ವಿಚಿತ್ರ ಸಂಸಾರ. ನಾನು ಇಳಿಯಬೇಕು, ಅವಳು ಏರಬೇಕು. ಹಾಸ್ಟೆಲಿನಲ್ಲಿ ತಲೆಗೆ ಒಂದು ಮುದ್ದೆ. ನನ್ನ ಮುದ್ದೆಯಲ್ಲಿ ಅರ್ಧ ಮುರಿದು ಅವಳ ತಟ್ಟೆಗೆ ಹಾಕುತ್ತಿದ್ದೆ. ಅಡುಗೆಯವರು ಬೈದರೆ, ಅವಳಿಗೆ ಹೊಟ್ಟೆಯಲ್ಲಿ ಜಂತು ಇದೆ ಅನ್ನುತ್ತಿದ್ದೆ. ಅವಳು ತಿನ್ನಲಾರದೆ ಕಣ್ಣಲ್ಲಿ ನೀರು ಹಾಕಿಕೊಂಡು ನುಂಗುತ್ತಿದ್ದಳು. ಬಾಳೆಹಣ್ಣು, ಶೇಂಗಾ, ಬೆಲ್ಲ, ಮತ್ತೆ ಬಾಳೆಹಣ್ಣು. ಎರಡು ಸಲ ವಾಂತಿ ಮಾಡಿಕೊಂಡಳು. ಬಾಯಿ ತೊಳೆದು ಬಂದು ಮತ್ತೆ ತಟ್ಟೆ ಮುಂದೆ ಕೂತಳು. ನಾನು ಹಸಿದ ಹೊಟ್ಟೆಯಲ್ಲಿ ಅವಳನ್ನೇ ನೋಡುತ್ತಿದ್ದೆ. ಅವಳ ಮೇಲೆ ಪ್ರೀತಿ ಇತ್ತು, ಹೌದು. ಅವಳು ತಿನ್ನುವುದನ್ನು ನೋಡುವಾಗ ಹೊಟ್ಟೆಕಿಚ್ಚೂ ಇತ್ತು. ಎರಡೂ ಒಂದೇ ಹೊಟ್ಟೆಯಲ್ಲಿ ಇರಬಲ್ಲವು ಎಂದು ಅವತ್ತೇ ಗೊತ್ತಾಯಿತು.

ಅವಳ ಅಣ್ಣ ಒಂದು ಭಾನುವಾರ ಬಂದಿದ್ದ. ಒಳ್ಳೆಯವನೇ, ಜೋರು ಮಾತಿನವನಲ್ಲ. ಹಾಸ್ಟೆಲ್ ಗೇಟಿನ ಹತ್ತಿರ ನಿಂತು, ಈ ಸಲ ಹೆಸರು ಬಂದರೆ ಆಡು, ಬರಲಿಲ್ಲ ಅಂದ್ರೆ ಓದೂ ಸಾಕು, ಅಂಗಡಿಗೆ ಕೈ ಬೇಕು ಅಂದ. ಅವಳು ಆಗಲಿ ಅಂದಳು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, ಮಾರಾಯ್ತಿ, ಇನ್ನು ಎರಡೇ ಕೆಜಿ ಅಂದಳು. ಹೆದರಿದವಳ ಹಾಗೆ ಇರಲಿಲ್ಲ.

ತೂಕದ ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಪೇಟೆಗೆ ಹೋದೆವು. ಮೆಡಿಕಲ್ ಶಾಪಿನ ಮುಂದೆ ತೂಕದ ಮಷಿನ್ ಇಟ್ಟಿದ್ದರು. ಅವಳು ಚಪ್ಪಲಿ ಬಿಟ್ಟು ಹತ್ತಿದಳು. ಐವತ್ತೊಂದು. ಇಳಿದು ಮತ್ತೆ ಹತ್ತಿದಳು. ಐವತ್ತೊಂದೇ. ರಸ್ತೆಯಲ್ಲೇ ನನ್ನ ಕೈ ಹಿಡಿದು ಕುಣಿದಳು, ಎದುರಿನ ಟೈಲರ್ ಅಂಗಡಿಯವರು ಎದ್ದು ನೋಡಿದರು. ಆಮೇಲೆ ನಾನು ಹತ್ತಿದೆ. ಅರವತ್ತಾರು. ಒಂದು ತಿಂಗಳು ಅರ್ಧ ಹೊಟ್ಟೆ ಉಂಡು ಅರವತ್ತಾರು! ಅವಳು ಕುಣಿಯುವುದನ್ನು ನಿಲ್ಲಿಸಿ, ನಾಳೆ ಬೆಳಿಗ್ಗೆ ನೀರೂ ಕುಡೀಬೇಡ, ಇಳೀತದೆ ಅಂದಳು. ನಾನು ಇಳಿದರೂ ಅವಳಿಗೆ ಏನೂ ಲಾಭ ಇರಲಿಲ್ಲ. ಸುಮ್ಮನೆ ಒಳ್ಳೆಯ ಮನಸ್ಸಿಗೆ ಹೇಳಿದ್ದು.

ಮರುದಿನ ಬೆಳಿಗ್ಗೆ ಖಾದರ್ ಸರ್ ನಮ್ಮನ್ನು ಮಂಡಿಗೇ ಕರೆದುಕೊಂಡು ಹೋದರು. ಕಾಲೇಜಿನ ಮಷಿನ್ ಕೆಟ್ಟಿತ್ತು, ಮಂಡಿಯ ಕಾಟಾಕ್ಕೆ ವರ್ಷವರ್ಷ ಸರ್ಕಾರಿ ಸೀಲ್ ಬೀಳುತ್ತದೆ, ಅದರ ತೂಕವೇ ತೂಕ ಅಂದರು. ಹಸಿ ಜೋಳದ ರಾಶಿಗಳ ನಡುವೆ ಹಳೆಯ ಕಬ್ಬಿಣದ ಕಾಟಾ. ಮೇಲೆ ಹಲಗೆ, ಪಕ್ಕದಲ್ಲಿ ಗುಂಡು ಸರಿಸುವ ದಂಡ. ದಂಡದ ಮೇಲಿನ ಗೆರೆ ತೂಕ ಮಾಡುವವನಿಗೆ ಮಾತ್ರ ಕಾಣುವ ಹಾಗೆ ಇತ್ತು. ತೂಕ ಮಾಡುವ ಈರಣ್ಣ ಇಪ್ಪತ್ತು ವರ್ಷದಿಂದ ಅಲ್ಲೇ ನಿಂತವನು, ನಮ್ಮಪ್ಪನಿಗೂ ಗೊತ್ತಿದ್ದವನು. ಹುಡುಗೀರನ್ನೂ ತೂಗೋ ಕಾಲ ಬಂತಲ್ಲಪ್ಪ ಎಂದು ನಗುತ್ತಾ ದಂಡ ಹಿಡಿದ. ಫಾರಂ ನನ್ನ ಕೈಯಲ್ಲಿತ್ತು, ನನ್ನ ಅಕ್ಷರ ಚೆನ್ನಾಗಿದೆ ಅಂತ ಬರೆಯುವ ಕೆಲಸ ನನಗೆ.

ಮೊದಲು ನಾನೇ ಹತ್ತಿದೆ. ಈರಣ್ಣ ಗುಂಡು ಸರಿಸಿದ. ತುಟಿ ಅಲುಗಿತು.

"ಅರವತ್ನಾಲ್ಕು," ಎಂದು ಕೂಗಿದ.

ಖಾದರ್ ಸರ್ ಶಭಾಷ್ ಅಂದರು. ರೇಣುಕಾ ನನ್ನ ಬೆನ್ನು ತಟ್ಟಿದಳು. ಒಂದು ಗಳಿಗೆ ನನಗೂ ಕಣ್ಣು ತುಂಬಿತು. ಆಮೇಲೆ ತುಟಿಯ ನೆನಪಾಯಿತು. ಅವನು ಒಳಗೆ ಅಂದುಕೊಂಡದ್ದು ಅರವತ್ತಾರು. ಚೀಲ ಇಟ್ಟರೂ ಮನುಷ್ಯರು ನಿಂತರೂ ಅವನ ಬಾಯಿಗೆ ಒಂದೇ ಅಭ್ಯಾಸ. ಎರಡು ಕೆಜಿ ಸೂಟು ಕಳೆದೇ ಕೂಗುವುದು. ಮೋಸ ಮಾಡಬೇಕು ಅಂತ ಮಾಡಿದ್ದಲ್ಲ, ಕಳೆದು ಕೂಗಿದ್ದು ಅವನಿಗೂ ಗೊತ್ತಾಗಿರಲಿಕ್ಕಿಲ್ಲ. ಸರ್ ಪೇಟೆಯವರು, ಒಂದು ಚೀಲ ಮಾಲು ಮಾರಿದವರಲ್ಲ. ರೇಣುಕಾಗೆ ಮಂಡಿಯೇ ಹೊಸದು. ಅಲ್ಲಿದ್ದವರಲ್ಲಿ ಅದು ಗೊತ್ತಾದದ್ದು ಒಬ್ಬಳಿಗೇ.

ರೇಣುಕಾ ಹತ್ತಿದಳು. ಬೆನ್ನು ನೆಟ್ಟಗೆ ಮಾಡಿ, ಕೈ ಎರಡೂ ಪಕ್ಕಕ್ಕೆ ಇಟ್ಟುಕೊಂಡು ನಿಂತಳು. ನನಗೆ ಗೊತ್ತಿತ್ತು ಏನು ಕೂಗುತ್ತಾನೆಂದು. ಕೂಗುವ ಮುಂಚೆ ಬಾಯಿ ಬಿಡಲು ಬೇಕಾದಷ್ಟು ಹೊತ್ತಿತ್ತು.

"ನಲವತ್ತೊಂಬತ್ತು."

ಬರೆದೆ.

ಅವಳು ಹಲಗೆಯಿಂದ ಇಳಿಯಲಿಲ್ಲ. ಇನ್ನೊಂದು ಸಲ ನೋಡಿ ಅಂದಳು. ಈರಣ್ಣ ಮತ್ತೆ ನೋಡಿ ಮತ್ತೆ ಅದನ್ನೇ ಹೇಳಿದ. ನಿನ್ನೆ ಮೆಡಿಕಲ್ ಶಾಪಿನಲ್ಲಿ ಐವತ್ತೊಂದು ಇತ್ತು ಸರ್ ಎಂದಳು. ಖಾದರ್ ಸರ್‌ಗೆ ಸಿಟ್ಟು ಬಂತು. ಸರ್ಕಾರಿ ಸೀಲಿನ ಕಾಟಾ ಸುಳ್ಳು, ಅಂಗಡಿ ಮುಂದಿನ ಆಟದ ಸಾಮಾನು ಖರೆಯಾ ಎಂದು ಕೇಳಿದರು. ಆಗ ಅವಳು ನನ್ನ ಕಡೆ ತಿರುಗಿದಳು.

"ಹೇಳೆ ನೇತ್ರಾ. ನೀನೂ ಇದ್ಯಲ್ಲೆ."

ಇಷ್ಟು ವರ್ಷದಲ್ಲಿ ಬಸ್ಸಿನಲ್ಲಿ ಎಷ್ಟೋ ಜನರಿಗೆ ಎಷ್ಟೋ ಸುಳ್ಳು ಹೇಳಿದ್ದೇನೆ. ಸೀಟಿಲ್ಲ ಅಂದಿದ್ದೇನೆ, ಚಿಲ್ಲರೆ ಇಲ್ಲ ಅಂದಿದ್ದೇನೆ. ಅವತ್ತು ಹೇಳಿದ್ದು ಸುಳ್ಳಲ್ಲ, ಅಕ್ಷರಶಃ ನಿಜ. ಅದಕ್ಕೇ ಅದು ಅಷ್ಟು ಚೆನ್ನಾಗಿ ನಾಟಿತು.

"ಅದು ಊಟ ಆದ ಮೇಲೆ ತೂಗಿದ್ದು ಸರ್," ಅಂದೆ.

ಎರಡು ಕೆಜಿ ಊಟ ಮಾಡಿದ್ಯೇನವ್ವ ಎಂದು ಈರಣ್ಣ ನಕ್ಕ. ಚೀಲ ಹೊರುತ್ತಿದ್ದ ಹಮಾಲರೂ ನಕ್ಕರು. ರೇಣುಕಾ ಇಳಿದಳು. ತಾನೇ ತಪ್ಪು ತಿಳಿದುಕೊಂಡೆ ಎನ್ನುವ ಹಾಗೆ ತಲೆ ಆಡಿಸಿದಳು. ಖಾದರ್ ಸರ್ ಅವಳ ತಲೆಯ ಮೇಲೆ ಕೈ ಇಟ್ಟು, ದೇವರು ಅಷ್ಟೇ ಕೊಟ್ಟಿರೋದು, ನಂಗೂ ಅಷ್ಟೇ ಕೊಟ್ಟ ಅಂದರು. ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಾನು ಆಗಲೂ ಹೇಳಬಹುದಿತ್ತು. ಆದರೆ ಆ ಎರಡು ಕೆಜಿ ಅವಳಿಗೆ ಮರಳಿ ಕೊಟ್ಟರೆ ನನಗೂ ಮರಳಿ ಬರುತ್ತಿತ್ತು. ಅವಳು ಐವತ್ತೊಂದಾದರೆ ನಾನು ಅರವತ್ತಾರು. ಫಾರಂ ಮಡಿಸಿ ಸರ್ ಕೈಗೆ ಕೊಟ್ಟೆ.

ಶಿಬಿರಕ್ಕೆ ಹೊರಟ ದಿನ ನನ್ನ ಬ್ಯಾಗು ಹೊತ್ತು ಬಸ್ ಸ್ಟ್ಯಾಂಡಿಗೆ ಬಂದವಳು ಅವಳೇ. ತನ್ನ ಹೊಸ ಮೊಣಕಾಲಿನ ಪಟ್ಟಿಯನ್ನೂ ಒಳಗೆ ಹಾಕಿದ್ದಳು. ನನ್ನ ಕಾಲಿಗೆ ಅದು ಏರುವಂತಿರಲಿಲ್ಲ. ಅಷ್ಟೂ ಯೋಚನೆ ಮಾಡದೆ ಹಾಕಿದ್ದಳು.

ಶಿಬಿರದಲ್ಲಿ ನಾನು ಇದ್ದದ್ದು ಎರಡು ದಿನ. ಮೊದಲ ಬೆಳಿಗ್ಗೆ ಆಡಿಸಿದರು. ಕರಾವಳಿ ಕಡೆಯ ಒಬ್ಬಳು ರೈಡಿಗೆ ಬಂದಳು, ರೇಣುಕಾಗಿಂತ ಒಂದು ಬೆರಳು ಗಿಡ್ಡ. ತೊಡೆಗೆ ಬಿದ್ದೆ, ಸಿಗಲಿಲ್ಲ. ಸರಪಳಿ ಮಾಡಿದೆವು, ಕೆಳಗೆ ಮುಳುಗಿ ಹೋದಳು. ಅಂಥವರು ಅಲ್ಲಿ ನಾಲ್ಕು ಜನ ಇದ್ದರು. ಎರಡನೇ ದಿನ ಕಂಪ್ಯೂಟರ್ ಕಾಟಾದ ಮೇಲೆ ನಿಲ್ಲಿಸಿದರು. ಆ ಗಿಡ್ಡಿ ನಲವತ್ತೈದು. ಮುಂದೆ ಹೋಗು ಅಂದರು. ನಾನು ಅರವತ್ತಾರು ಚಿಲ್ಲರೆ. ಪಕ್ಕಕ್ಕೆ ನಿಲ್ಲು ಅಂದರು.

ಶಿಬಿರದ ಮೇಡಂ ಕೂಗಾಡಲಿಲ್ಲ. ಫಾರಂನಲ್ಲಿ ಅರವತ್ನಾಲ್ಕು ಯಾರು ಬರೆದದ್ದು ಎಂದು ಕೇಳಿದರು. ನಾನೇ ಅಂದೆ. ಐವತ್ತಕ್ಕಿಂತ ಕಡಿಮೆ ಇದ್ದವರನ್ನು ತೆಗೆದುಕೊಳ್ಳುವುದಿಲ್ಲವಾ ಎಂದು ನಾನು ಕೇಳಿದಾಗ ಅವರಿಗೆ ನಗು ಬಂತು. ಯಾರಮ್ಮ ಹೇಳಿದ್ದು, ಇರೋದು ಮೇಲಿನ ಲಿಮಿಟ್ಟು ಒಂದೇ ಅಂದರು. ಆಮೇಲೆ ಒಂದು ಚೀಟಿ ಬರೆದು ಕೈಗೆ ಕೊಟ್ಟರು. ನಿಮ್ಮ ತಂಡದಲ್ಲಿ ಇನ್ನೊಬ್ಬಳಿದ್ದರೆ ಸೋಮವಾರದೊಳಗೆ ಕಳಿಸಿ, ತೂಕ ಎಷ್ಟಾದರೂ ಕಡಿಮೆ ಇರಲಿ, ಆಟ ನೋಡುತ್ತೇವೆ ಅಂತ ಖಾದರ್ ಸರ್‌ಗೆ ಬರೆದದ್ದು. ಅವತ್ತು ಶುಕ್ರವಾರ.

ದಾರಿಯುದ್ದಕ್ಕೂ ಕೊಡುತ್ತೇನೆ ಅಂತಲೇ ಬಂದೆ. ಶಿಕಾರಿಪುರದಲ್ಲಿ ಇಳಿದು ವೆಲ್ಡಿಂಗ್ ಅಂಗಡಿಗೆ ಹೋದೆ. ಸರ್ ಕನ್ನಡಕ ಎತ್ತಿ ನೋಡಿ, ಏನಾಯ್ತು ಅಂದರು. ತೂಕ ಅಂದರೆ ಕಾಟಾದ ಮಾತು ಬರುತ್ತದೆ, ಕಾಟಾದ ಮಾತು ಬಂದರೆ ನಾನು ಬಾಯಿ ಮುಚ್ಚಿ ಬರೆದದ್ದು ಬರುತ್ತದೆ. ಮಂಡಿ ನೋವು ಸರ್, ವಾಪಸ್ ಕಳಿಸಿದರು ಅಂದೆ. ಎರಡು ದಿನಕ್ಕೆ ಮಂಡಿ ನೋವಾ ಎಂದು ಉಗಿದು ಮತ್ತೆ ಕೆಲಸಕ್ಕೆ ಬಗ್ಗಿದರು. ಚೀಟಿ ಬ್ಯಾಗಿನಲ್ಲೇ ಉಳಿಯಿತು.

ರೇಣುಕಾ ಈಗಲೂ ಚಂದ್ರಗುತ್ತಿಯಲ್ಲಿ ಆ ಅಂಗಡಿಯಲ್ಲಿ ಕೂರುತ್ತಾಳೆ. ನನಗೆ ಆ ರೂಟು ಬಿದ್ದ ದಿನ, ಬಸ್ಸು ನಿಂತರೆ ಎದ್ದು ಬಂದು ಕಿಟಕಿಯಿಂದ ಬಾಳೆಹಣ್ಣು ಕೊಡುತ್ತಾಳೆ, ಬೇಡ ಅಂದರೂ ಬಿಡುವುದಿಲ್ಲ. ನಾನು ಶಿಬಿರದಿಂದ ಬಂದ ಆ ವಾರದ ಭಾನುವಾರ ಊರಿಗೆ ಹೋದವಳು ಮತ್ತೆ ಅಂಕಣಕ್ಕೆ ಇಳಿಯಲಿಲ್ಲ. ಅವಳ ವಯಸ್ಸಿಗೆ ಇನ್ನೂ ಎರಡು ವರ್ಷ ಆ ಶಿಬಿರದ ಬಾಗಿಲು ತೆರೆದೇ ಇತ್ತು, ಅಲ್ಲಿ ತನ್ನಂಥವರೂ ಇದ್ದಾರೆ ಎಂದು ಗೊತ್ತಿದ್ದರೆ ಅಣ್ಣನ ಕಾಲು ಹಿಡಿದಾದರೂ ನಿಲ್ಲುತ್ತಿದ್ದಳು. ಅವಳನ್ನು ನಿಲ್ಲಿಸಿದ್ದು ಖಾದರ್ ಸರ್ ಅಲ್ಲ, ಈರಣ್ಣನೂ ಅಲ್ಲ.

ಶಿಬಿರದಿಂದ ನಾನು ವಾಪಸ್ ಬಂದ ಸಂಜೆ ಹಾಸ್ಟೆಲಿನಲ್ಲಿ ಅವಳು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಮಂಡಿ ನೋವು ಅಂದದ್ದೇ ತಡ, ಎಲ್ಲ ಬಿಟ್ಟು ಅಡುಗೆಮನೆಗೆ ಹೋಗಿ ಎಣ್ಣೆ ಬಿಸಿ ಮಾಡಿಸಿ ತಂದಳು. ಕಾಲು ನೀಡಿಸಿ, ನೆಲದಲ್ಲಿ ಕೂತು, ಏನೂ ಆಗದ ನನ್ನ ಮಂಡಿಗೆ ಎಣ್ಣೆ ಹಚ್ಚಿ ಉಜ್ಜತೊಡಗಿದಳು. ತಲೆ ಎತ್ತದೆ ಕೇಳಿದಳು.

"ಅಲ್ಲಿ ನನ್ನಷ್ಟು ಸಣ್ಣೋರು ಯಾರಾದ್ರೂ ಇದ್ರನೆ?"

"ಒಬ್ಳೂ ಇರ್ಲಿಲ್ಲ ಕಣೆ," ಅಂದೆ.

ಅವಳ ಕೈ ಒಂದು ಗಳಿಗೆ ನಿಂತಿತು. ಹಂಗಾದ್ರೆ ಸರ್ ಹೇಳಿದ್ದೇ ಸರಿ ಅಂದಳು. ದನಿಯಲ್ಲಿ ಅಳು ಇರಲಿಲ್ಲ, ಏನೋ ಒಂದು ಭಾರ ಇಳಿದವಳ ಹಾಗಿದ್ದಳು. ಇನ್ನಷ್ಟು ಎಣ್ಣೆ ಹಾಕಿಕೊಂಡು, ನೋವು ಕಮ್ಮಿ ಆಯ್ತಾ ಎಂದು ಕೇಳಿದಳು.

ಇನ್ನೂ ಸ್ವಲ್ಪ ಉಜ್ಜು ಅಂದೆ. ಉಜ್ಜಿದಳು.